ನಾಲ್ಕು ದಿನ ಅಂತ ಹೇಳಿ ಕರೆತರಬೇಡಿ

(ರಾಯಚೂರಿನಲ್ಲಿ ನಿವೃತ್ತ ನೌಕರರು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿರಿಯರೆಲ್ಲ ಮುಂದಿನ ಕುರ್ಚಿಗಳಲ್ಲಿ ಕೂತಿದ್ದೀರಿ. ಮಕ್ಕಳು ಹಿಂದೆ ಗೋಡೆಗೆ ಒರಗಿ ನಿಂತಿದ್ದಾರೆ. ತಂದೆ ತಾಯಿಯನ್ನು ಆರೈಕೆ ಕೇಂದ್ರಕ್ಕೆ ಸೇರಿಸುವಾಗ ಮಕ್ಕಳು ಏನು ಮಾಡಬೇಕು ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ಆದರೆ ಹೋಗಿ ಇರಬೇಕಾದವರು ಮುಂದೆ ಕೂತವರು, ಅಲ್ವಾ? ಹಾಗಾಗಿ ಇಬ್ಬರನ್ನೂ ನೋಡುತ್ತಾ ಮಾತಾಡುತ್ತೇನೆ.

ನಾನು ನರ್ಸ್. ಸರ್ಕಾರಿ ಆಸ್ಪತ್ರೆಯಲ್ಲಿ ನೌಕರಿ ಮುಗಿಸಿದ ಮೇಲೆ ವಯಸ್ಸಾದವರ ಆರೈಕೆ ಮನೆಯಲ್ಲಿ ಕೆಲಸಕ್ಕೆ ಸೇರಿದೆ. ನೀವು ಅವ್ವನನ್ನು ಬಿಟ್ಟು, ಕಣ್ಣೊರೆಸಿಕೊಂಡು ಕಾರು ಹತ್ತುತ್ತೀರಿ. ಅದರ ನಂತರದ್ದನ್ನು ನೋಡುವವರು ನಾವು.

ನಮ್ಮಲ್ಲಿಗೆ ಬರುವ ಎಷ್ಟೋ ಮಂದಿ ಸುಳ್ಳು ಕೇಳಿ ಬಂದಿರುತ್ತಾರೆ. "ಮನಿಗೆ ಸುಣ್ಣ ಬಣ್ಣ ಹಚ್ಚಸಾಕತ್ತೀವಿ, ನಾಕ ದಿನ ಇಲ್ಲಿರವ್ವಾ." "ಡಾಕ್ಟರು ಸ್ವಲ್ಪ ದಿನ ಇಲ್ಲೇ ಇರಬೇಕು ಅಂದಾರ, ಎಪ್ಪಾ." ಹೇಳುವವರು ಕೆಟ್ಟವರಲ್ಲ. ಅವ್ವ ಅಳುವುದನ್ನು ನೋಡಲಾರದೆ ಹೇಳುತ್ತಾರೆ. ಆದರೆ ಐದನೇ ದಿನ ಏನಾಗುತ್ತೆ ಗೊತ್ತಾ? ಅವ್ವ ಬೆಳಿಗ್ಗೆಯೇ ಜಳಕ ಮಾಡಿ, ಸೀರೆ ಬದಲಿಸಿ, ಚೀಲಕ್ಕೆ ಬಟ್ಟೆ ತುಂಬಿಕೊಂಡು ಪಡಸಾಲೆಯ ಬೆಂಚಿನ ಮೇಲೆ ಬಂದು ಕೂರುತ್ತಾಳೆ. ಮಧ್ಯಾಹ್ನ ಊಟಕ್ಕೆ ಕರೆದರೆ, "ಮಗ ಬರ್ತಾನ, ಮನ್ಯಾಗ ಉಣ್ತೀನಿ" ಅನ್ನುತ್ತಾಳೆ. ಸಂಜೆ ನಾವು ಫೋನ್ ಮಾಡಿದರೆ ಮಗ, "ಇನ್ನೆರಡು ದಿನ ಅಂತ ಹೇಳಿ ಮೇಡಂ" ಅನ್ನುತ್ತಾನೆ. ಈಗ ಆ ಸುಳ್ಳು ನನ್ನ ಬಾಯಿಂದ ಬರಬೇಕು!

ಒಂದು ವಾರ ಕಳೆಯುವಷ್ಟರಲ್ಲಿ ಅವ್ವನಿಗೆ ಎಲ್ಲ ಗೊತ್ತಾಗಿರುತ್ತೆ. ಆಮೇಲೆ ಅವಳು ಮಗನನ್ನಷ್ಟೇ ಅಲ್ಲ, ನಮ್ಮನ್ನೂ ನಂಬಲ್ಲ. ಬಿಪಿ ಮಾತ್ರೆ ಕೊಟ್ಟರೆ, "ಇದು ನಿದ್ದಿ ಗುಳಗಿ, ನಂಗೊತ್ತೈತಿ" ಅಂತ ಉಗಿಯುತ್ತಾಳೆ. ರಾತ್ರಿ ಒಬ್ಬಳೇ ಏಳಬೇಡ, ಬೆಲ್ ಒತ್ತು ಅಂದರೂ ಕೇಳಲ್ಲ. ಮಾತ್ರೆ ತಪ್ಪಿದರೆ ಬಿಪಿ ಏರುತ್ತೆ. ಬೆಲ್ ಒತ್ತದೆ ಎದ್ದರೆ ಬಿದ್ದು ಸೊಂಟದ ಮೂಳೆ ಮುರಿಯಬಹುದು. ಒಂದು ಸುಳ್ಳಿಗೆ ಇಷ್ಟು ದೊಡ್ಡ ಬಡ್ಡಿ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ: ನಿಜ ಹೇಳಿ ಕರೆತನ್ನಿ. ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತೆ.

ನಿಜ ಹೇಳಬೇಕು ಅಂದರೆ ಬೇಗ ಹೇಳಬೇಕು. ನಮ್ಮ ಕಡೆ ಈ ಮಾತು ಶುರುವಾಗುವುದೇ ಆಸ್ಪತ್ರೆಯಲ್ಲಿ. ಅಪ್ಪ ಬಿದ್ದಿರುತ್ತಾರೆ, ಇಲ್ಲಾ ಲಕ್ವಾ ಹೊಡೆದಿರುತ್ತೆ. ನಾಳೆ ಡಿಸ್ಚಾರ್ಜ್ ಅಂದಾಗ ಹೈದರಾಬಾದಿನಿಂದ ಮಗ, ಬೆಂಗಳೂರಿನಿಂದ ಸೊಸೆ, ಸಿಂಧನೂರಿನಿಂದ ಮಗಳು ಬಂದು ನಮ್ಮ ರಿಮ್ಸ್ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಮಾತಾಡುತ್ತಾರೆ. ಯಾರ ಮನೆಯಲ್ಲಿ ಇಟ್ಟುಕೊಳ್ಳುವುದು, ಯಾರು ರಜೆ ಹಾಕುವುದು. ಅಪ್ಪ ಒಳಗೆ ಮಂಚದ ಮೇಲೆ ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿರುತ್ತಾರೆ. ಅಲ್ಲಿ ಯಾವ ತೀರ್ಮಾನವೂ ನೆಟ್ಟಗೆ ಆಗಲ್ಲ.

ಕೈಕಾಲು ಗಟ್ಟಿ ಇರುವಾಗಲೇ, ಬುದ್ಧಿ ಚುರುಕಾಗಿರುವಾಗಲೇ ಕೇಳಿ. ಹೇಗೆ ಕೇಳಬೇಕು ಅಂತ ತುಂಬಾ ಜನ ಕೇಳುತ್ತಾರೆ. ಒಬ್ಬ ಮಗ ನನ್ನೆದುರೇ ಹೀಗೆ ಕೇಳಿದ: "ಅಪ್ಪಾ, ರಾತ್ರಿ ನಿನಗ ಒಬ್ಬವಗ ಬಚ್ಚಲಕ್ಕ ಹೋಗಾಕ ಆಗವಲ್ದು. ನಾನು ನೌಕರಿ ಬಿಟ್ಟು ಬರಾಕ ಆಗಂಗಿಲ್ಲ. ಏನ್ ಮಾಡೂನು, ನೀನ ಹೇಳು." ಅಪ್ಪ ಬಹಳ ಹೊತ್ತು ಸುಮ್ನೆ ಕೂತರು. ಆಮೇಲೆ, "ಊರಿಗೆ ಹತ್ರ ಇರ್ಲಿ. ಪೇಪರ್ ಬರ್ಬೇಕು. ಬಾಜೂ ಮಂಚದಂವ ಬಾಳ ಮಾತಾಡಂವ ಇರಬಾರದು" ಅಂದರು. ಮೂರು ಷರತ್ತು! ಷರತ್ತು ಹಾಕಿದರು ಅಂದರೆ ಅರ್ಧ ಒಪ್ಪಿದರು ಅಂತಲೇ. ಆ ಮಗ ತನ್ನ ತೀರ್ಮಾನ ಹೇಳಲು ಹೋಗಲಿಲ್ಲ. ಕಷ್ಟವನ್ನು ಮುಂದಿಟ್ಟ, ಅಷ್ಟೇ.

ಒಪ್ಪದಿದ್ದರೆ? ಬುದ್ಧಿ ಸರಿಯಿರುವ ಮನುಷ್ಯರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಹೊತ್ತುಕೊಂಡು ಹೋಗುವ ಹಕ್ಕು ಮಕ್ಕಳಿಗಿಲ್ಲ. ಆಗ ಮನೆಗೇ ಜನ ಇಟ್ಟು ನೋಡಿ, ಹಗಲು ಆರೈಕೆ ಕೇಂದ್ರ ಹತ್ತಿರ ಇದ್ದರೆ ನೋಡಿ. ಒಂದೆರಡು ತಿಂಗಳು ಬಿಟ್ಟು ಮತ್ತೆ ಕೇಳಿ.

ಇನ್ನು "ಮಂದಿ ಏನಂತಾರ". ಹಾಗೆ ಅನ್ನುವವರಿಗೆ ನನ್ನದೊಂದು ಪ್ರಶ್ನೆ ಇದೆ. ರಾತ್ರಿ ಎರಡು ಗಂಟೆಗೆ ಅತ್ತೆಯ ಒದ್ದೆ ಬಟ್ಟೆ ಬದಲಿಸುವವರು ಯಾರು? ಬಹುತೇಕ ಮನೆಗಳಲ್ಲಿ ಸೊಸೆ. ಅವಳಿಗೂ ಐವತ್ತೈದು ದಾಟಿರುತ್ತೆ, ಮೊಣಕಾಲು ನೋವಿರುತ್ತೆ, ಶುಗರ್ ಇರುತ್ತೆ. ದೂರದಿಂದ ಬಂದು, ಚಹಾ ಕುಡಿದು, "ಹೆತ್ತವ್ವನ್ನ ಆಶ್ರಮಕ್ಕ ಹಾಕ್ತೀರೇನು?" ಅಂತ ಕೇಳಿ ಹೋಗುವ ನೆಂಟರು ಒಂದು ರಾತ್ರಿ ಉಳಿದು ಹೋಗಲಿ. ಹಾಸಿಗೆ ಹಿಡಿದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಬೇಕು. ಇಲ್ಲದಿದ್ದರೆ ಬೆನ್ನಿಗೆ, ಹಿಮ್ಮಡಿಗೆ ಹುಣ್ಣಾಗುತ್ತೆ. ಆ ಕೆಲಸಕ್ಕೆ ಇಬ್ಬರು ಬೇಕು.

ಈಗ ಜಾಗ ಹುಡುಕುವ ಮಾತು. ಎಲ್ಲ ಆಶ್ರಮಗಳೂ ಒಂದೇ ಅಂತ ತಿಳಿಯಬೇಡಿ. ಟ್ರಸ್ಟಿನವರು, ಮಠದವರು ನಡೆಸುವ ಉಚಿತ ವೃದ್ಧಾಶ್ರಮಗಳು ಸಾಮಾನ್ಯವಾಗಿ ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲವರಿಗೆ. ಓಡಾಡಬೇಕು, ಉಣ್ಣಬೇಕು, ಬಚ್ಚಲಿಗೆ ಹೋಗಿ ಬರಬೇಕು. ಮೂಗಿನ ನಳಿಗೆ, ಮೂತ್ರದ ಕೊಳವೆ ಇರುವವರಿಗೆ ಹಗಲೂ ರಾತ್ರಿ ನರ್ಸ್ ಇರುವ ಜಾಗ ಬೇಕು. ಮರೆವಿನ ಕಾಯಿಲೆಯವರಿಗೆ ಗೇಟು ಭದ್ರವಾಗಿರುವ ಜಾಗ, ಆ ಕಾಯಿಲೆ ಗೊತ್ತಿರುವ ಸಿಬ್ಬಂದಿ ಬೇಕು. ಅಂಥವು ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಕಡಿಮೆ. ಅದಕ್ಕೇ ಜನ ಬೆಂಗಳೂರು, ಹೈದರಾಬಾದ್ ನೋಡುತ್ತಾರೆ.

2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಜಿಲ್ಲೆಗೊಂದಾದರೂ, ಕನಿಷ್ಠ 150 ಬಡ ಹಿರಿಯರು ಇರಬಹುದಾದ ಆಶ್ರಮವನ್ನು ರಾಜ್ಯ ಸರ್ಕಾರ ತೆರೆಯಬಹುದು ಅಂತ ಬರೆದಿದೆ. ಸರ್ಕಾರದ ಅನುದಾನದಲ್ಲಿ ಸಂಸ್ಥೆಗಳು ನಡೆಸುವ ಆಶ್ರಮಗಳ ಪಟ್ಟಿ ಬೇಕಿದ್ದರೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ಕೇಳಿ.

ನೋಡಲು ಹೋಗುವಾಗ ಬೆಳಿಗ್ಗೆ ಹತ್ತಕ್ಕೆ ಹೋಗಬೇಡಿ. ಆಗ ಎಲ್ಲ ಒರೆಸಿ ಫಿನಾಯಿಲ್ ಹಾಕಿರುತ್ತಾರೆ. ರಾತ್ರಿ ಊಟದ ಹೊತ್ತಿಗೆ ಹೋಗಿ. ರಾತ್ರಿ ಪಾಳಿಗೆ ಎಷ್ಟು ಜನ, ಅವರಲ್ಲಿ ನರ್ಸ್ ಯಾರು ಅಂತ ಕೇಳಿ. ಹಾಸಿಗೆ ಹಿಡಿದವರ ಉಗುರು ನೋಡಿ. ಉಗುರು ಕತ್ತರಿಸಿದ್ದರೆ ಯಾರೋ ಅವರನ್ನು ಹತ್ತಿರದಿಂದ ನೋಡುತ್ತಿದ್ದಾರೆ ಅಂತ ಅರ್ಥ. ಗೋಡೆಯ ಟೈಲ್ಸ್, ತೋಟದ ಕಾರಂಜಿ ನೋಡಿ ಮರುಳಾಗಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಮಾತು ಕೇಳಿ: "ಮುಂದೆ ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ, ಕರೆದುಕೊಂಡು ಹೋಗಿ ಅನ್ನುತ್ತೀರಾ?" ಇದನ್ನು ಕೇಳದೆ ಸೇರಿಸಿ, ವರ್ಷದೊಳಗೆ ಮತ್ತೆ ಜಾಗ ಹುಡುಕುವವರು ಬಹಳ ಜನ. ಕೊಟ್ಟ ಮುಂಗಡ ವಾಪಸ್ ಬರುತ್ತಾ, ಡೈಪರ್ ಮತ್ತು ಔಷಧದ ಬಿಲ್ ಬೇರೆಯಾ, ಇದೆಲ್ಲ ಬರಹದಲ್ಲಿ ಇರಲಿ.

ಮಕ್ಕಳಿರುವ ಊರಿನಲ್ಲಿ ಸೇರಿಸಬೇಕಾ, ನಮ್ಮೂರಲ್ಲೇ ಸೇರಿಸಬೇಕಾ? ವಾರಕ್ಕೊಮ್ಮೆ ನಿಜವಾಗಿ ಬಂದು ನೋಡುವವರು ಎಲ್ಲಿದ್ದಾರೋ ಅಲ್ಲಿ, ಅಂತ ನನ್ನ ಅಭಿಪ್ರಾಯ. ಮಗ ಬೆಂಗಳೂರಲ್ಲಿದ್ದೂ ಟ್ರಾಫಿಕ್ ನೆಪದಲ್ಲಿ ತಿಂಗಳಿಗೊಮ್ಮೆ ಬರುವುದಾದರೆ, ಇಲ್ಲೇ ಮಾನ್ವಿಯ ತಂಗಿ ಮಗ ವಾರವಾರ ಬಂದು ಹೋಗುವುದು ಮೇಲು. ಮರೆವಿನ ಕಾಯಿಲೆ ಇದ್ದರೆ ಭಾಷೆಯನ್ನೂ ನೋಡಬೇಕು. ಮರೆವು ಹೆಚ್ಚಾದಂತೆ ಆಮೇಲೆ ಕಲಿತ ಭಾಷೆಗಳು ಮೊದಲು ಜಾರುತ್ತವೆ, ಎಳವೆಯಲ್ಲಿ ಆಡಿದ್ದು ಉಳಿಯುತ್ತೆ. ನಮ್ಮ ರಾಯಚೂರಿನಲ್ಲಿ ಮನೆಯೊಳಗೆ ತೆಲುಗು, ಉರ್ದು ಆಡುವವರು ಎಷ್ಟು ಜನ! ಬೆಂಗಳೂರಿನ ಕೇಂದ್ರದಲ್ಲಿ ಹಿಂದಿ ಮಾತ್ರ ಬರುವ ಹುಡುಗಿಗೆ, "ನೀರಡಿಕಿ ಆಗೈತಿ" ಅಂದರೆ ಏನು ತಿಳಿದೀತು?

ಊಟವೂ ಹಾಗೇ. ಎಪ್ಪತ್ತು ವರ್ಷ ಜೋಳದ ರೊಟ್ಟಿ ಉಂಡವರಿಗೆ ಎರಡೂ ಹೊತ್ತು ಅನ್ನ ಸಾರು ಹಾಕಿದರೆ, "ಉಂಡಂಗ ಆಗಲಿಲ್ಲ" ಅಂತ ತಟ್ಟೆ ಸರಿಸುತ್ತಾರೆ. ಮಕ್ಕಳು ಅದನ್ನು ಬೇಜಾರು ಅಂದುಕೊಳ್ಳುತ್ತಾರೆ. ಹಲ್ಲಿಲ್ಲದಿದ್ದರೂ ರೊಟ್ಟಿ ಮುರಿದು ಬೇಳೆ ಸಾರಿನಲ್ಲಿ ನೆನೆಸಿ ಕೊಡಬಹುದು, ನುಚ್ಚು ಕೊಡಬಹುದು. ಪುಂಡಿ ಪಲ್ಯ ಮಾಡಿದ ದಿನ ನಮ್ಮಲ್ಲಿ ಪಾತ್ರೆ ತಳ ಕಾಣುತ್ತೆ. (ಗಂಗಾವತಿ, ಸಿಂಧನೂರಿನ ಭತ್ತದ ಸೀಮೆಯವರು ಮಾತ್ರ ಅನ್ನವೇ ಬೇಕು ಅಂತಾರೆ. ಈ ಜಗಳ ನಮ್ಮ ಅಡಿಗೆ ಮನೆಯಲ್ಲಿ ದಿನಾ ಇದ್ದದ್ದೇ.)

ಸೇರುವ ದಿನವನ್ನು ಅವರೇ ಆರಿಸಲಿ. ಅಮಾವಾಸ್ಯೆ ಮುಗಿಯಲಿ ಅಂದರೆ ಮುಗಿಯಲಿ. ಏಪ್ರಿಲ್, ಮೇ ತಿಂಗಳು ಮಾತ್ರ ಬೇಡ. ನಮ್ಮ ಬಿಸಿಲು 42 ಡಿಗ್ರಿ ದಾಟುವಾಗ ವಯಸ್ಸಾದ ಮೈಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗಲ್ಲ. ಹೊಸ ಜಾಗದಲ್ಲಿ ನೀರು ಕೇಳಲು ಸಂಕೋಚ ಬೇರೆ. ಮೈಯಲ್ಲಿ ನೀರು ಕಡಿಮೆಯಾಗಿ ಗಾಬರಿ, ಬಡಬಡಿಕೆ ಶುರುವಾಗುತ್ತೆ. ದಸರೆಯಿಂದ ಸಂಕ್ರಾಂತಿವರೆಗೆ ಒಳ್ಳೆಯ ಕಾಲ.

ನಾನು ಸೇರಿಸಲು ಬಂದವರಿಗೆ ಕೇಳುವ ಮೊದಲ ಪ್ರಶ್ನೆ ಕೇಳಿ ಎಲ್ಲರೂ ನನ್ನ ಮುಖ ನೋಡುತ್ತಾರೆ. "ಮನೆಯಲ್ಲಿ ಮಂಚದಿಂದ ಇಳಿದರೆ ಬಚ್ಚಲು ಎಡಕ್ಕಾ ಬಲಕ್ಕಾ?" ಮೂವತ್ತು ವರ್ಷ ರಾತ್ರಿ ಎದ್ದು ಎಡಕ್ಕೆ ನಡೆದ ಕಾಲು, ನಿದ್ದೆಗಣ್ಣಲ್ಲಿ ಇಲ್ಲಿಯೂ ಎಡಕ್ಕೇ ನಡೆಯುತ್ತೆ. ಇಲ್ಲಿ ಎಡಕ್ಕೆ ಗೋಡೆ ಇದ್ದರೆ ಬಿದ್ದಂತೆಯೇ. ಹೊಸದಾಗಿ ಬಂದವರು ಮೊದಲ ವಾರಗಳಲ್ಲಿ ಬೀಳಲು ಇದೂ ಒಂದು ಕಾರಣ. ಆದಷ್ಟು ಮಟ್ಟಿಗೆ ಮಂಚವನ್ನು ಮನೆಯಲ್ಲಿದ್ದಂತೆಯೇ ತಿರುಗಿಸಿ ಹಾಕುತ್ತೇವೆ, ಸಣ್ಣ ದೀಪ ಇಡುತ್ತೇವೆ. ನೆಲದ ಮೇಲೆ ಚಾಪೆ ಹಾಸಿ ಮಲಗಿ ರೂಢಿ ಇದ್ದವರಿಗೆ ಮಂಚದ ಒಂದು ಬದಿ ಗೋಡೆಗೆ ತಾಗಿರಬೇಕು, ಎತ್ತರ ಕಡಿಮೆ ಇರಬೇಕು. ಎದ್ದ ತಕ್ಷಣ ನಿಲ್ಲದೆ ಒಂದು ನಿಮಿಷ ಕೂತು ಏಳುವುದನ್ನು ಮನೆಯಲ್ಲೇ ರೂಢಿ ಮಾಡಿಸಿ. ಬಿಪಿ ಮಾತ್ರೆ ತಿನ್ನುವವರಿಗೆ ದಿಢೀರ್ ಎದ್ದರೆ ತಲೆ ತಿರುಗುತ್ತೆ.

ಎಲೆ ಅಡಿಕೆ ಚಟ, ತಂಬಾಕು ಚಟ ಮುಚ್ಚಿಡಬೇಡಿ. "ನಮ್ಮವ್ವ ಏನೂ ತಿನ್ನಲ್ಲ ಮೇಡಂ" ಅಂತ ಹೇಳಿ ಹೋಗುತ್ತಾರೆ. ಮೂರನೇ ದಿನ ಅವ್ವ ಸಿಡಿಸಿಡಿ ಅನ್ನುತ್ತಾಳೆ, ನಿದ್ದೆ ಮಾಡಲ್ಲ. ಆಮೇಲೆ ನೋಡಿದರೆ ತಲೆದಿಂಬಿನ ಕೆಳಗೆ ಖಾಲಿ ಸುಣ್ಣದ ಡಬ್ಬಿ! ಮಾತ್ರೆಗಳ ಹೆಸರು ಬರೆದು ತರುವ ಬದಲು ಮಾತ್ರೆಯ ಶೀಟುಗಳನ್ನೇ ತನ್ನಿ. ನಾಟಿ ಔಷಧ ಕೊಡುತ್ತಿದ್ದರೆ ಅದನ್ನೂ ಹೇಳಿ.

ಕೆಲವು ಕಡೆ, "ಹೊಂದಿಕೊಳ್ಳುವವರೆಗೆ ಹದಿನೈದು ದಿನ ಬರಬೇಡಿ" ಅನ್ನುತ್ತಾರೆ. ನಾನು ಒಪ್ಪಲ್ಲ. ಬನ್ನಿ. ಅರ್ಧ ಗಂಟೆ ಸಾಕು. ಆದರೆ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಬನ್ನಿ. ಹೊರಡುವಾಗ ಹೇಳಿಯೇ ಹೊರಡಿ. ಅವ್ವ ಬಚ್ಚಲಿಗೆ ಹೋದಾಗ ಮೆಲ್ಲಗೆ ಜಾರಿಕೊಳ್ಳುವುದು ಬೇಡ. ಅಳುತ್ತಾಳೆ, ಅಳಲಿ. ನಾವಿರುತ್ತೇವೆ. ಹೊಂದಿಕೊಳ್ಳಲು ಕೆಲವರಿಗೆ ವಾರಗಳು ಸಾಕು, ಕೆಲವರಿಗೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ದಿಢೀರಂತ ಗಲಿಬಿಲಿ ಜಾಸ್ತಿಯಾದರೆ, ಹಗಲಿಗೂ ರಾತ್ರಿಗೂ ಗೊತ್ತಾಗದಂತಾದರೆ, ಮರೆವು ಹೆಚ್ಚಾಯಿತು ಅಂತ ಕೈಚೆಲ್ಲಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಹೊಸ ಮಾತ್ರೆ ಇವೆಲ್ಲ ಹಾಗೆ ಮಾಡುತ್ತವೆ. ಡಾಕ್ಟರಿಗೆ ತೋರಿಸಿ.

ಮರೆವಿನ ಕಾಯಿಲೆಯವರಿಗೂ ನಿಜವನ್ನೇ ಹೇಳಬೇಕಾ? ಇಲ್ಲಿ ನನ್ನ ಮಾತು ಸ್ವಲ್ಪ ಸಡಿಲ. "ಮನಿಗಿ ಹೋಗ್ತೀನಿ" ಅಂತ ದಿನಕ್ಕೆ ಹತ್ತು ಸಲ ಕೇಳುವ ಅಜ್ಜಿಗೆ ಹತ್ತು ಸಲವೂ, "ನಿನ್ನ ಮನೆ ಈಗ ಇದೇ" ಅಂದರೆ ಹತ್ತು ಸಲವೂ ಹೊಸದಾಗಿ ನೋವು. ನಾವು ವಾದ ಮಾಡಲ್ಲ. ಸುಳ್ಳೂ ಹೇಳಲ್ಲ. "ಮನ್ಯಾಗ ಏನ್ ಕೆಲಸ ಐತವ್ವಾ?" ಅಂತ ಕೇಳುತ್ತೇವೆ. "ಎಮ್ಮಿಗಿ ನೀರ ಕುಡಸ್ಬೇಕು." "ಎಷ್ಟ ಎಮ್ಮಿ ಅದಾವ?" ಅಲ್ಲಿಂದ ಮಾತು ಹಾಲು, ಬೆಣ್ಣೆ, ಸಂತೆ ಅಂತ ಹೋಗುತ್ತೆ. ಅರ್ಧ ಗಂಟೆಯಲ್ಲಿ ಅಜ್ಜಿ ಚಹಾ ಕುಡಿಯುತ್ತಾ ಕೂತಿರುತ್ತಾಳೆ.

ಕಾಗದ ಪತ್ರದ ವಿಷಯ ಬೇಗ ಮುಗಿಸುತ್ತೇನೆ. ಬುದ್ಧಿ ಸರಿಯಿರುವಾಗಲೇ ಮಾಡಬೇಕಾದದ್ದು ಇದೂ ಹೌದು. ಮಗನಿಗೆ ಜಿಪಿಎ (ನನ್ನ ಪರವಾಗಿ ವ್ಯವಹಾರ ನಡೆಸುವ ಅಧಿಕಾರ ಪತ್ರ) ಮಾಡಿಕೊಟ್ಟಿದ್ದೇನೆ, ಇನ್ನೇನು ಚಿಂತೆ ಅನ್ನುತ್ತಾರೆ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಕಾನೂನಿನ ಪ್ರಕಾರ ಆ ಅಧಿಕಾರ ಪತ್ರವೂ ಬಿದ್ದುಹೋಗುತ್ತೆ. ಅದು ಬೇಕಾಗುವ ಹೊತ್ತಿಗೇ ಇರಲ್ಲ. ಅದಕ್ಕೆ ಬ್ಯಾಂಕ್ ಖಾತೆಯಲ್ಲಿ ಜಂಟಿ ಹೆಸರು, ನಾಮಿನಿ, ಉಯಿಲು ಮುಂಚೆಯೇ ಆಗಲಿ. ಪಿಂಚಣಿಗೆ ನವೆಂಬರಿನಲ್ಲಿ ಕೊಡುವ ಜೀವಿತ ಪ್ರಮಾಣಪತ್ರವನ್ನು ಈಗ ಫೋನಿನಲ್ಲಿ ಮುಖ ತೋರಿಸಿಯೇ ಕೊಡಬಹುದು. ಹೊಲದಲ್ಲಿ ದುಡಿದು ಬೆರಳಚ್ಚು ಸವೆದವರಿಗೆ ಇದು ದೊಡ್ಡ ಅನುಕೂಲ.

ಕೊನೆಗಾಲದ ಮಾತನ್ನೂ ಕೇಳಿಟ್ಟುಕೊಳ್ಳಿ. ಆಸ್ಪತ್ರೆಗೆ ಸೇರಿಸಬೇಕಾದರೆ ಯಾರು ಸಹಿ ಹಾಕುತ್ತಾರೆ, ಮಣ್ಣು ಮಾಡುವುದಾ ಸುಡುವುದಾ, ಊರಿಗೆ ಒಯ್ಯಬೇಕಾ. ನಮ್ಮ ಹಿರಿಯರು ಇದನ್ನು ಮಕ್ಕಳಿಗಿಂತ ಧೈರ್ಯವಾಗಿ ಮಾತಾಡುತ್ತಾರೆ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಹಿಂದೆ ನಿಂತಿದ್ದ ಒಬ್ಬರು, "ಅಣ್ಣ ಒಂದು ಪೈಸೆ ಕೊಡ್ತಿಲ್ಲ, ಎಲ್ಲಾ ಖರ್ಚು ನನ್ನ ಮ್ಯಾಲೆ" ಅಂದರು. ಆಗಲೇ ಹೇಳಿದ 2007ರ ಕಾಯ್ದೆ ಪ್ರಕಾರ ಗಂಡು ಮಕ್ಕಳು, ಹೆಣ್ಣು ಮಕ್ಕಳು, ವಯಸ್ಸಿಗೆ ಬಂದ ಮೊಮ್ಮಕ್ಕಳು ಎಲ್ಲರೂ ಜವಾಬ್ದಾರರು. ಅಪ್ಪ ಅವ್ವ ಅರ್ಜಿ ಕೊಟ್ಟರೆ ಎಸಿ ಸಾಹೇಬರ (ಉಪವಿಭಾಗಾಧಿಕಾರಿಯ) ನ್ಯಾಯಮಂಡಳಿ ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನಮ್ಮ ಜಿಲ್ಲೆಯಲ್ಲಿ ರಾಯಚೂರು, ಲಿಂಗಸೂಗೂರು ಎರಡೂ ಕಡೆ ಎಸಿ ಕಚೇರಿ ಇದೆ. ಆದರೆ ಅಲ್ಲಿಗೆ ಹೋಗುವ ಮುಂಚೆ ಅಣ್ಣ ತಮ್ಮ ಅಕ್ಕ ತಂಗಿ ಒಂದು ದಿನ ಕೂತು, ಯಾರು ದುಡ್ಡು ಕೊಡುವುದು, ಯಾರು ಹೋಗಿ ನೋಡುವುದು ಅಂತ ಮಾತಾಡಿ, ಅದನ್ನು ವಾಟ್ಸಾಪಿನಲ್ಲಾದರೂ ಬರೆದಿಡಿ. ದುಡ್ಡು ಕೊಡಲಾಗದವರು ಶನಿವಾರ ಬಂದು ಕೂತರೂ ಅದು ಪಾಲೇ.

ಒಬ್ಬ ತಾಯಿ ಮೈಕ್ ಬೇಡ ಅಂದು ಹತ್ತಿರ ಬಂದು ಕೇಳಿದರು: "ಆಶ್ರಮಕ್ಕ ಹೋಗೂ ಮುಂಚೆ ಮನಿ ಬರ್ದು ಕೊಡಂತಾರ. ಕೊಡ್ಲ್ಯಾ?" ಅವಸರ ಮಾಡಬೇಡಿ ಅಂದೆ. ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಅದನ್ನು ರದ್ದು ಮಾಡಿಸಬಹುದು. ಆದರೆ ಆ ಷರತ್ತು ಇತ್ತು ಅಂತ ತೋರಿಸಬೇಕಾಗುತ್ತೆ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹಾಗಾಗಿ ಕೊಡುವುದೇ ಆದರೆ ದಾನಪತ್ರದಲ್ಲೇ ಷರತ್ತು ಬರೆಸಿ. ಇಲ್ಲದಿದ್ದರೆ ಉಯಿಲು ಸಾಕು. ಉಯಿಲನ್ನು ನೀವಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು.

ಕೊನೆಯ ಪ್ರಶ್ನೆ ಮುಂದಿನ ಸಾಲಿನ ನಿವೃತ್ತ ಮೇಷ್ಟ್ರದು. "ಸೇರಿದ ಮ್ಯಾಲೆ ಮನಸಿಗೆ ಬರಲಿಲ್ಲ ಅಂದ್ರ ವಾಪಸ್ ಬರಬಹುದೇನ್ರೀ?" ಬರಬಹುದು ಮೇಷ್ಟ್ರೇ. ಬುದ್ಧಿ ಸರಿಯಿರುವ ನಿಮ್ಮನ್ನು ಯಾರೂ ಕೂಡಿ ಹಾಕುವ ಹಾಗಿಲ್ಲ. ಅದಕ್ಕೇ ಮೊದಲು ಒಂದು ತಿಂಗಳು ಇದ್ದು ನೋಡುತ್ತೇನೆ ಅಂತ ಮಾತಾಡಿಕೊಂಡು ಸೇರಿ. ಮುಂದೆ ಇರಬೇಕಾ ಬೇಡವಾ ಅಂತ ಕೂತು ಮಾತಾಡುವ ದಿನ ಯಾವತ್ತು ಅಂತ ಮಕ್ಕಳ ಎದುರೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಲ್ಲಿಯವರೆಗೆ ಮನೆ ಬಾಡಿಗೆಗೆ ಕೊಡುವುದು ಬೇಡ, ಗ್ಯಾಸ್ ಸಿಲಿಂಡರ್ ವಾಪಸ್ ಮಾಡುವುದು ಬೇಡ. ನಿಮ್ಮ ಫೋನ್ ನಿಮ್ಮ ಹತ್ತಿರವೇ ಇರಲಿ. ಯಾರಾದರೂ ಒತ್ತಾಯ ಮಾಡಿದರೆ 14567ಕ್ಕೆ ಫೋನ್ ಮಾಡಿ. ಅದು ಹಿರಿಯರ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತಾರೆ, ದುಡ್ಡು ಬೀಳಲ್ಲ.